4 ಲಕ್ಷದಲ್ಲಿ ಮಲೆನಾಡಿನ ಕೆಸರಿಗೆ ಯಾವ ಗಾಡಿ?

ನಿಮ್ಮ ಪ್ರಶ್ನೆ ಇಷ್ಟು: ಹಾಸನದಲ್ಲಿ ಕೆಲಸ, ಕೈಯಲ್ಲಿ 4 ಲಕ್ಷ, ರಜೆ ಸಿಕ್ಕಾಗ ಸಕಲೇಶಪುರ, ಮೂಡಿಗೆರೆ ಕಡೆ ಆಫ್‌ರೋಡ್ ಓಡಿಸಬೇಕು. 2009ರ ಜಿಪ್ಸಿಯೊಂದು 3 ಲಕ್ಷ 10 ಸಾವಿರಕ್ಕೆ ಸಿಗುತ್ತಿದೆ. ಅದನ್ನು ತಗೊಂಡು ಲಿಫ್ಟ್ (ಬಾಡಿ ಎತ್ತರಿಸೋದು), ದೊಡ್ಡ ಟೈರು, ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟಾರು), ಎಲ್‌ಇಡಿ ಬಾರ್ ಎಲ್ಲ ಹಾಕಿಸಲಾ, ಇಲ್ಲ ಟೂ ವೀಲ್ ಡ್ರೈವ್ ಬೊಲೆರೊ ತಗೊಂಡು ಅದನ್ನೇ ರೆಡಿ ಮಾಡಲಾ ಅಂತ.

ಜಿಪ್ಸಿ ತಗೊಳ್ಳಿ. ಆದರೆ ಒಂದು ಮಳೆಗಾಲ ಪೂರ್ತಿ ಓಡಿಸುವವರೆಗೆ ಟೈರು, ಎಳೆಯುವ ಹುಕ್ಕು ಬಿಟ್ಟು ಬೇರೇನೂ ಹಾಕಿಸಬೇಡಿ. ಎಲ್ಲಿ ಹೂತುಹೋಯಿತು, ಎಲ್ಲಿ ತಳ ತಾಗಿತು ಅನ್ನೋದನ್ನು ನೋಡಿದ ಮೇಲೆ ಏನು ಮಾಡಿಸಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ನಾನು ಮೂಡಿಗೆರೆ ತಾಲ್ಲೂಕಿನವನು. ಆರು ಎಕರೆ ಕಾಫಿ, ಒಂದು ಹಳೇ ಎಂಎಂ 540 ಜೀಪು. ಗೊಬ್ಬರದ ಮೂಟೆ ತೋಟಕ್ಕೆ ಸಾಗಿಸೋದೇ ನಮ್ಮ ಆಫ್‌ರೋಡು. ಆದರೂ ವಿಡಿಯೋ ನೋಡಿ ಆಸೆಪಟ್ಟು ನಾನೂ ದುಡ್ಡು ಕಳೆದಿದ್ದೇನೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ಕಮಾನಿಗೆ (ಲೀಫ್ ಸ್ಪ್ರಿಂಗ್) ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿ, ಅದನ್ನು ಷಾಸಿಗೆ ಸೇರಿಸುವ ಕೊಂಡಿ, ಅಂದರೆ ಶ್ಯಾಕಲ್, ಉದ್ದದ್ದು ಕೂರಿಸಿ, ಮೂರು ಇಂಚು ಎತ್ತಿಸಿದೆ. ನೋಡೋಕೆ ಚೆನ್ನಾಗಿಯೇ ಇತ್ತು. ಮೂರನೇ ವಾರ ಎಂಟು ಮೂಟೆ ಹೇರಿಕೊಂಡು ಏರು ಹತ್ತುವಾಗ ಕೆಳಗಿಂದ ದಡ್ ಅಂತು. ಇಂಜಿನ್ ಶಕ್ತಿಯನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಶಾಫ್ಟಿನ ಕೀಲು, ಯುಜೆ ಕ್ರಾಸ್, ಮುರಿದಿತ್ತು. ಗಾಡಿ ಎತ್ತಿಸಿದಾಗ ಶಾಫ್ಟ್ ಓರೆ ಜಾಸ್ತಿಯಾಗುತ್ತದೆ, ಆ ಭಾರವೆಲ್ಲ ಕ್ರಾಸಿನ ಮೇಲೆ ಬೀಳುತ್ತದೆ. ಅದನ್ನು ಗ್ಯಾರೇಜಿನವರು ನೋಡಿಯೇ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ನಮ್ಮ ಕಡೆ ತೋಟದ ದಾರಿಯಲ್ಲಿ ಗಾಡಿ ಸಿಕ್ಕಿಕೊಳ್ಳೋದು ಬಾಡಿ ತಾಗಿ ಅಲ್ಲ. ಎರಡು ಜಾಡಿನ ನಡುವಿನ ದಿಬ್ಬಕ್ಕೆ ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಉಂಡೆ ತಾಗಿ. ಜೀಪು, ಜಿಪ್ಸಿ ಎರಡರಲ್ಲೂ ಆಕ್ಸಲ್ ಇಡೀ ಒಂದೇ ತುಂಡು. ಕಮಾನು ಎತ್ತಿಸಿದರೆ ಬಾಡಿ ಮೇಲೆ ಹೋಗುತ್ತದೆ, ಆ ಉಂಡೆ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತೋದು ಟೈರು ಮಾತ್ರ. ಜಿಪ್ಸಿಯ 205/70 ಆರ್15 ತೆಗೆದು 215/75 ಆರ್15 ಹಾಕಿದರೆ ಉಂಡೆಯ ಕೆಳಗೆ ಸುಮಾರು 18 ಮಿಲಿಮೀಟರ್ ಜಾಸ್ತಿ ಸಿಗುತ್ತದೆ. ಕಮ್ಮಿ ಅನಿಸಬಹುದು. ದಿಬ್ಬ ತಾಗುತ್ತಾ ಉಜ್ಜಿಕೊಂಡು ಹೋಗುತ್ತಾ ಅನ್ನೋದು ಅಷ್ಟರಲ್ಲೇ ತೀರ್ಮಾನವಾಗುತ್ತದೆ. ಈ ಅಳತೆಗೆ ಲಿಫ್ಟ್ ಬೇಕಾಗುವುದಿಲ್ಲ. ಸ್ಪೀಡೋಮೀಟರ್ ಸ್ವಲ್ಪ ಕಮ್ಮಿ ತೋರಿಸುತ್ತದೆ, ಅಷ್ಟೇ.

ಹಾಸನದಿಂದ ಬರುವಷ್ಟು ಟಾರು ಓಡಿಸುವವರಿಗೆ ಎ/ಟಿ (ಆಲ್ ಟೆರೇನ್) ಟೈರು ಸಾಕು. ಎಂ/ಟಿ (ಮಡ್ ಟೆರೇನ್) ಕೆಸರಿನಲ್ಲಿ ರಾಜ, ಆದರೆ ಮಳೆ ಬಿದ್ದ ಟಾರಿನ ಮೇಲೆ ಬ್ರೇಕು ಹಿಡಿದರೆ ಹೆದರಿಸುತ್ತದೆ. ಸ್ಟೆಪ್ನಿ ಸೇರಿಸಿ ಐದಕ್ಕೂ ಒಂದೇ ಅಳತೆ ಹಾಕಿಸಿ. ಬ್ರ್ಯಾಂಡ್ ನೋಡಿಕೊಂಡು ಸುಮಾರು 40 ಸಾವಿರ ಎತ್ತಿಡಿ.

ಟೈರಿಗಿಂತ ದೊಡ್ಡದು ಅದರೊಳಗಿನ ಗಾಳಿ. ಇದನ್ನು ನನಗೆ ಕಲಿಸಿದ್ದು ಪಕ್ಕದ ಎಸ್ಟೇಟಿನ ಹಳೇ ಡ್ರೈವರಣ್ಣ. ಜುಲೈ ತಿಂಗಳು, ಹಡ್ಲಿನ ಪಕ್ಕದ ತಿರುವಿನಲ್ಲಿ ಜೀಪು ಕೂತುಬಿಟ್ಟಿತ್ತು. ಫೋರ್ ವೀಲ್ ಹಾಕಿದ್ದೆ. ಆದರೂ ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೇ ಗಿರಗಿರ ತಿರುಗುತ್ತಿದ್ದವು, ಉಳಿದೆರಡು ಸುಮ್ನೆ ಕೂತಿದ್ದವು. ಅಣ್ಣ ಕೊಡೆ ಮಡಚಿ ಧರೆಗೆ ಒರಗಿಸಿಟ್ಟರು. ಕೂತುಕೊಂಡು ವಾಲ್ವಿನ ಸುತ್ತ ಕೆಸರನ್ನು ಬೆರಳಲ್ಲಿ ಬಳಿದರು. ಕಾಫಿ ಗಿಡದ ಒಂದು ಕಡ್ಡಿ ಮುರಿದು ಪಿನ್ನಿಗೆ ಒತ್ತಿದರು. ಬುಸ್ ಅಂತ ಗಾಳಿ ಹೋಗುತ್ತಿದ್ದರೆ ಅವರ ಕಣ್ಣೆಲ್ಲ ಟೈರಿನ ಬುಡದ ಮೇಲೆ. “ಹೊಟ್ಟೆ ಬರ್ಬೇಕು ನೋಡಿ, ಬಸುರಿ ಥರ” ಅಂದರು. ನಾಲ್ಕೂ ಟೈರಿಗೆ ಹೊಟ್ಟೆ ಬಂದ ಮೇಲೆ ಲೋ ರೇಂಜಿನಲ್ಲಿ (ಚಕ್ರ ನಿಧಾನಕ್ಕೆ, ಜಾಸ್ತಿ ಬಲದಲ್ಲಿ ತಿರುಗಿಸುವ ಎರಡನೇ ಗೇರ್ ಸೆಟ್) ಎರಡನೇ ಗೇರು ಹಾಕಿಸಿದರು, ಆಕ್ಸಿಲರೇಟರ್ ಮುಟ್ಟಬೇಡಿ ಅಂದರು. ಜೀಪು ಎಮ್ಮೆ ಎದ್ದ ಹಾಗೆ ನಿಧಾನಕ್ಕೆ ಎದ್ದು ಬಂತು.

ಗಾಳಿ ಇಳಿಸಿದರೆ ಟೈರು ಉದ್ದಕ್ಕೆ ಹರಡಿಕೊಂಡು ನೆಲಕ್ಕೆ ಕೂರುತ್ತದೆ, ಹಿಡಿತ ಬರುತ್ತದೆ. ಜಿಪ್ಸಿ ಒಂದು ಟನ್ನಿನ ಆಸುಪಾಸಿನ ಹಗುರ ಗಾಡಿ, ಕೆಸರಿನಲ್ಲಿ 18 ಪಿಎಸ್‌ಐವರೆಗೆ ಇಳಿಸಬಹುದು. ಚೂಪು ಕಲ್ಲಿನ ದಾರಿಯಾದರೆ ಅಷ್ಟು ಇಳಿಸಬೇಡಿ, ಟೈರಿನ ಪಕ್ಕ ಸೀಳುತ್ತದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಅದಕ್ಕೇ ಮೊದಲ ಖರೀದಿ ಒಂದು ಗೇಜು, ಒಂದು 12 ವೋಲ್ಟ್ ಕಂಪ್ರೆಸರ್.

ವಿಂಚ್ ದುಡ್ಡಿನಲ್ಲಿ ಒಳ್ಳೆ ಎಳೆಯುವ ಪಟ್ಟಿ, ಪಟ್ಟಿ ಸಿಕ್ಕಿಸೋಕೆ 4.75 ಟನ್ನಿನ ಎರಡು ಡಿ-ಶ್ಯಾಕಲ್ (ಇದು ಕಮಾನಿನ ಶ್ಯಾಕಲ್ ಅಲ್ಲ, ಪಿನ್ ಇರುವ ಕಬ್ಬಿಣದ ಕೊಂಡಿ), ಷಾಸಿಗೇ ಬೋಲ್ಟ್ ಹಾಕಿದ ಹುಕ್ಕು ಹಿಂದೆ ಮುಂದೆ, ಒಂದು ಗುದ್ದಲಿ, ನಾಲ್ಕು ಗೋಣಿಚೀಲ ಎಲ್ಲ ಬಂದು ದುಡ್ಡು ಉಳಿಯುತ್ತದೆ. ಗೋಣಿಚೀಲ ಅಂದರೆ ನಗಬೇಡಿ. ಚಕ್ರದ ಬಾಯಿಗೆ ತುರುಕಿದರೆ ಎಷ್ಟೋ ಸಲ ಅದೇ ಸಾಕು. ಎಳೆಯುವಾಗ ಪಟ್ಟಿಯ ಮೇಲೂ ಒಂದು ಹೊದಿಸಿ, ತುಂಡಾದರೆ ಚಾವಟಿ ಥರ ಹಾರುವುದು ಕಮ್ಮಿಯಾಗುತ್ತದೆ. ಆ ನೇರಕ್ಕೆ ಯಾರೂ ನಿಲ್ಲಬಾರದು. ಒಬ್ಬರೇ ಮಾತ್ರ ಹೋಗಬೇಡಿ, ಪಟ್ಟಿ ಎಳೆಯೋಕೆ ಇನ್ನೊಂದು ಗಾಡಿ ಬೇಕಲ್ವಾ?

ಬೊಲೆರೊ ಯಾಕೆ ಬೇಡ ಅಂದೆ ಅಂದರೆ ಲೋ ರೇಂಜ್ ಇಲ್ಲ. ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿಕೊಂಡು ಟೂ ವೀಲ್ ಪಿಕಪ್ಪುಗಳು ನಮ್ಮೂರ ಏರು ಹತ್ತುವುದನ್ನು ದಿನಾ ನೋಡುತ್ತೇನೆ, ಹತ್ತುತ್ತವೆ. ಆದರೆ ಲೋ ರೇಂಜ್ ಇಲ್ಲದೆ ಜಾರು ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಕು. ಹೊಸಬರಿಗೆ ಅದು ಬೇಡ. ಹಳೇ ಥಾರ್ ಸಿಕ್ಕರೂ ಗೇರಿನ ಪಕ್ಕ ಎರಡನೇ ಲಿವರ್ ಇದೆಯಾ ನೋಡಿ. ಟೂ ವೀಲ್ ಥಾರ್‌ಗಳೂ ಇವೆ, ಹೊರಗಿಂದ ಗೊತ್ತಾಗುವುದಿಲ್ಲ.

ಈಗ ನೀವು ನೋಡಿರುವ ಜಿಪ್ಸಿ. 2009ರದ್ದು ಅಂದರೆ 15 ವರ್ಷ 2024ಕ್ಕೇ ಮುಗಿದಿದೆ. ಆರ್‌ಸಿ ಐದು ವರ್ಷಕ್ಕೆ ರಿನ್ಯೂ ಆಗಿದೆಯಾ? “ಆಮೇಲೆ ಮಾಡಿಸಿ ಕೊಡ್ತೀನಿ” ಅಂದರೆ ಅಡ್ವಾನ್ಸ್ ಕೊಡಬೇಡಿ, ಮಾಡಿಸಿದ ಮೇಲೆ ಬರ್ತೀನಿ ಅನ್ನಿ. ಇಂಜಿನ್ ನಂಬರು, ಷಾಸಿ ನಂಬರು ಆರ್‌ಸಿ ಜೊತೆ ನೀವೇ ಕಣ್ಣಿಟ್ಟು ತಾಳೆ ನೋಡಿ. ಹಳೇ ಗಾಡಿಗಳಲ್ಲಿ ಇಂಜಿನ್ ಬದಲಾಗಿ ಆರ್‌ಸಿಯಲ್ಲಿ ಹಳೇದೇ ಇರುವುದು ಮಾಮೂಲಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಲ್ಲಿ ಅದು ತಪ್ಪು. ಮುಂದೆ ಕಬ್ಬಿಣದ ಬುಲ್ ಬಾರ್ ಇದ್ದರೆ ಬಿಚ್ಚಿಸಿ, 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದು ಕಾನೂನುಬಾಹಿರ ಅಂತ ಹೇಳಿದೆ. ಎಲ್‌ಇಡಿ ಬಾರಿನ ಮಾತೇ ಬೇಡ. ಚಾರ್ಮಾಡಿಯ ಮಂಜಿನಲ್ಲಿ ಅದನ್ನು ಹಾಕಿಕೊಂಡು ಬರುವವರಿಗೆ ನಾವು ಏನೇನು ಬೈಯುತ್ತೇವೆ ಅಂತ ಇಲ್ಲಿ ಬರೆಯೋಕಾಗಲ್ಲ.

ಗಾಡಿ ನೋಡೋಕೆ ಹೋಗುವಾಗ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚು ಜೇಬಿನಲ್ಲಿರಲಿ. ಕೆಳಗೆ ನುಗ್ಗಿ, ಹಿಂದಿನ ಕಮಾನಿನ ಶ್ಯಾಕಲ್ ಷಾಸಿಗೆ ಸೇರುವಲ್ಲಿ ಚುಚ್ಚಿ. ಟಣ್ ಅನ್ನಬೇಕು. ಹೊಸದಾಗಿ ಕಪ್ಪು ಬಳಿದಿದ್ದರೆ ಅಲ್ಲೇ ಜಾಸ್ತಿ ಚುಚ್ಚಿ. ಮಲೆನಾಡಿನಲ್ಲಿ ಓಡಿದ ಗಾಡಿಗೆ ಇಂಜಿನ್‌ಗಿಂತ ಮೊದಲು ಹೋಗುವುದು ಷಾಸಿ. ಆಮೇಲೆ ಡಿಫರೆನ್ಷಿಯಲ್ ಎಣ್ಣೆ ಸ್ವಲ್ಪ ತೆಗೆಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ನೀರು ಹೊಕ್ಕಿದೆ. ಫೋರ್ ವೀಲ್, ಲೋ ರೇಂಜ್ ಎರಡನ್ನೂ ಮಣ್ಣಿನ ಮೇಲೆ ಹಾಕಿಸಿ ಓಡಿಸಿ. ಒಣ ಟಾರಿನ ಮೇಲೆ ಬೇಡ, ಶಾಫ್ಟುಗಳು ಬಿಗಿದುಕೊಳ್ಳುತ್ತವೆ.

ಸ್ನಾರ್ಕೆಲ್ (ಇಂಜಿನ್‌ಗೆ ಮೇಲಿಂದ ಗಾಳಿ ಎಳೆಯುವ ಕೊಳವೆ) ಈಗಲೇ ಬೇಡ. ಕೋಲಿಟ್ಟು ನೋಡಿ, ನೀರು ಚಕ್ರದ ಹಬ್‌ಗಿಂತ ಮೇಲಿದ್ದರೆ, ಇಲ್ಲ ಕೆಂಪಗೆ ಓಡುತ್ತಿದ್ದರೆ ವಾಪಸ್ ಬನ್ನಿ. ನೀರಲ್ಲಿ ಇಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಎಲ್ಲಿ ಓಡಿಸೋದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗುಡ್ಡದ ಹುಲ್ಲಿನ ಮೇಲೆ ಹತ್ತಿಸಬೇಡಿ. ಈ ವರ್ಷ ನೀವು ಬಿಟ್ಟ ಜಾಡು ಮುಂದಿನ ಮಳೆಗೆ ಕೊರಕಲು, ಅದರ ಮಣ್ಣು ಬರೋದು ನಮ್ಮ ಗದ್ದೆಗೆ. ಅರಣ್ಯದೊಳಗೆ ಪರ್ಮಿಷನ್ ಇಲ್ಲದೆ ಹೋದರೆ ಕೇಸು. ಪರಿಚಯದವರ ತೋಟ ಇದ್ದರೆ ಕೇಳಿ, ದಾರಿ ಹಾಳು ಮಾಡಲ್ಲ ಅಂದರೆ ಎಷ್ಟೋ ಜನ ಬಿಡುತ್ತಾರೆ. ನವೆಂಬರಿನಿಂದ ಕುಯ್ಲು ಶುರು, ಆಗ ಮಾತ್ರ ಕೇಳಬೇಡಿ.

ಆ ಶ್ಯಾಕಲ್ ಹತ್ತಿರದ ಫೋಟೋ ತೆಗೆದು ಇಲ್ಲೇ ಹಾಕಿ. ನೋಡಿ ಹೇಳುತ್ತೇನೆ. 3.10 ಜಾಸ್ತಿಯಾಯಿತು, 2.75ರಿಂದ ಮಾತು ಶುರು ಮಾಡಿ.