ಕೋಳಿಯನ್ನೂ ಕೇಳಿದ್ದಾರೆ

ಓದುಗರ ಪತ್ರ: “ಮಕ್ಕಳ ಜೊತೆ ಮೃಗಾಲಯಕ್ಕೆ ಹೋಗಿದ್ದೆ. ಒಂದು ಕರಡಿ ಬೇಲಿ ಪಕ್ಕ ಹನ್ನೊಂದು ಹೆಜ್ಜೆ ಹೋಗಿ, ತಲೆ ಎತ್ತಿ ತಿರುಗಿ, ಮತ್ತೆ ಹನ್ನೊಂದು ಹೆಜ್ಜೆ ಬರುತ್ತಿತ್ತು. ಅರ್ಧ ಗಂಟೆ ಬಿಟ್ಟು ಬಂದರೂ ಅದೇ. ಪಕ್ಕದ್ದು ಮಾತ್ರ ಆರಾಮಾಗಿ ಮಲಗಿತ್ತು, ನಿಮ್ಮ ಹೋದ ಸಂಚಿಕೆಯ ಫೋಟೋದಲ್ಲಿದ್ದ ಚಿರತೆಯ ಹಾಗೆ. ಪ್ರಾಣಿಗೆ ಹಿಂಸೆ ಆಗ್ತಿದೆಯಾ ಅಂತ ವಿಜ್ಞಾನ ಹೇಳಬಲ್ಲದಾ? ಅಥವಾ ಎಲ್ಲ ನಮ್ಮ ಕಲ್ಪನೆಯಾ?”

ಸಂಪಾದಕರ ಉತ್ತರ: ಹೆಜ್ಜೆ ಎಣಿಸಿದಿರಲ್ಲ, ಸಂಶೋಧಕರ ಕೆಲಸವೂ ಅಲ್ಲಿಂದಲೇ ಶುರುವಾಗುತ್ತದೆ. ಉದ್ದೇಶ ಕಾಣದೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಕ್ಕೆ ಅವರು ಸ್ಟೀರಿಯೋಟೈಪಿ ಅನ್ನುತ್ತಾರೆ. ಬೋನಿನಲ್ಲಿರುವ ಎಲ್ಲ ಪ್ರಾಣಿಗೂ ಇದು ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಎಂಬ ಸಂಶೋಧಕಿಯರು 2003ರಲ್ಲಿ ಮಾಂಸಾಹಾರಿ ಪ್ರಾಣಿಗಳ ಲೆಕ್ಕ ಹಾಕಿದರು. ಕಾಡಿನಲ್ಲಿ ದೂರ ದೂರ ಅಲೆಯುವ ಜಾತಿಗಳೇ ಬೋನಿನಲ್ಲಿ ಜಾಸ್ತಿ ಶತಪಥ ಹಾಕುತ್ತವೆ, ಅವುಗಳ ಮರಿಗಳೇ ಜಾಸ್ತಿ ಸಾಯುತ್ತವೆ. ಹಿಮಕರಡಿಗೆ ಸಾಮಾನ್ಯವಾಗಿ ಸಿಗುವ ಆವರಣ, ಅದು ಹೊರಗೆ ಓಡಾಡುವ ಕನಿಷ್ಠ ಜಾಗದ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ!

ಹಾಗಂತ ಜಾಗ ಕೊಟ್ಟರೆ ಮುಗಿಯಿತೇ? ಅದೂ ನಮ್ಮ ಊಹೆಯೇ. ನಮ್ಮ ಊಹೆ ಎಷ್ಟು ಸಲ ತಪ್ಪಿದೆ ಅಂತ ತಿಳಿಯಬೇಕಾದರೆ ಕೋಳಿಗಳ ಕತೆ ಕೇಳಬೇಕು. 1965ರಲ್ಲಿ, ಸಾಕುಪ್ರಾಣಿಗಳ ಸ್ಥಿತಿಗತಿ ನೋಡಲು ಬ್ರಿಟನ್ ಸರ್ಕಾರ ನೇಮಿಸಿದ್ದ ಬ್ರ್ಯಾಂಬೆಲ್ ಸಮಿತಿ ಪಂಜರದ ಕೋಳಿಗಳನ್ನು ನೋಡಿ, ತೆಳು ತಂತಿಯ ಜಾಲರಿ ಮೇಲೆ ನಿಂತರೆ ಪಾಪ ಕಾಲು ನೋಯುತ್ತದೆ, ದಪ್ಪ ತಂತಿ ಹಾಕಿ ಅಂದಿತು. ಯಾರಿಗಾದರೂ ಸರಿ ಅನ್ನಿಸುವ ಮಾತೇ. ಕೋಳಿಯನ್ನು ಕೇಳಿ ಮಸಾಲೆ ಅರೀತಾರಾ ಅನ್ನುತ್ತೇವಲ್ಲ, ಹ್ಯೂಸ್ ಮತ್ತು ಬ್ಲ್ಯಾಕ್ ಅನ್ನುವ ಇಬ್ಬರು ನಿಜಕ್ಕೂ ಕೋಳಿಯನ್ನೇ ಕೇಳಿದರು. ಎರಡೂ ಬಗೆಯ ನೆಲ ಹಾಕಿ, ಬೇಕಾದ ಕಡೆ ನಿಲ್ಲಲು ಬಿಟ್ಟರು. ಕೋಳಿಗಳು ಹೋಗಿ ನಿಂತದ್ದು ತೆಳು ಜಾಲರಿ ಮೇಲೆ! ಕೆಳಗಿನಿಂದ ನೋಡಿದರೆ ಕಾರಣ ಕಾಣುತ್ತದೆ: ಆ ತೆಳು ತಂತಿಯ ಸಣ್ಣ ಕಣ್ಣಿನ ಜಾಲರಿ ಪಾದಕ್ಕೆ ಜಾಸ್ತಿ ಕಡೆ ಆಸರೆ ಕೊಡುತ್ತದೆ. 1973ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆದರೆ ಎರಡರಲ್ಲಿ ಒಂದನ್ನು ಆರಿಸಿಕೊಂಡ ಮಾತ್ರಕ್ಕೆ ಅದು ಬೇಕೇ ಬೇಕು ಅಂತಲ್ಲ, ಅಲ್ವಾ? ಎಷ್ಟು ಬೇಕು ಅಂತ ತಿಳಿಯಲು ಬೆಲೆ ಕಟ್ಟಿಸಬೇಕು. ತುಪ್ಪಳಕ್ಕಾಗಿ ಸಾಕುವ, ನೀರುನಾಯಿಯ ನೆಂಟರಾದ ಮಿಂಕ್‌ಗಳ ಮುಂದೆ ಮೇಸನ್ ತಂಡ ಕೆಲವು ಬಾಗಿಲು ಇಟ್ಟಿತು. ಒಂದರ ಹಿಂದೆ ಆಟದ ಸಾಮಾನು, ಒಂದರ ಹಿಂದೆ ಇನ್ನೊಂದು ಗೂಡು, ಮತ್ತೊಂದರ ಹಿಂದೆ ಈಜುವ ನೀರು. ಬಾಗಿಲಿಗೆ ಭಾರ ಏರಿಸುತ್ತಾ ಹೋದರು. ನೀರಿಗಾಗಿ ಅವು ತಳ್ಳಿದಷ್ಟು ಬೇರೆ ಯಾವುದಕ್ಕೂ ತಳ್ಳಲಿಲ್ಲ. ನೀರಿನ ಬಾಗಿಲು ಮುಚ್ಚಿದಾಗ, ಆಹಾರ ತಪ್ಪಿಸಿದಾಗ ಏರುವಷ್ಟೇ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು. ಹುಟ್ಟಿದಾಗಿನಿಂದ ಬೋನಿನಲ್ಲಿದ್ದದ್ದಕ್ಕೆ ಈಜು ಯಾಕೆ ಅನ್ನುವವರು ಇದನ್ನು ಓದಬೇಕು.

ಈಗ ನಿಮ್ಮ ಕರಡಿಗಳು. ಓಡಾಡುತ್ತಿದ್ದದ್ದು ಇವತ್ತು ಕಷ್ಟದಲ್ಲೇ ಇದೆ ಅಂತ ಒಮ್ಮೆಗೇ ಹೇಳಲಾಗದು. ಹಿಂದೆ ಚಿಕ್ಕ ಬೋನಿನಲ್ಲಿದ್ದಾಗ ಹತ್ತಿದ ಚಾಳಿ, ಜಾಗ ಬದಲಾದರೂ ಉಳಿಯುವುದುಂಟು. ಊಟದ ಹೊತ್ತು ಹತ್ತಿರವಾದಾಗ ಓಡಾಟ ಹೆಚ್ಚುವುದೂ ಉಂಟು. ನೀವು ಹೋದದ್ದು ಯಾವ ಹೊತ್ತಿಗೆ ಅಂತ ಬರೆದಿಲ್ಲ. ಓಡಾಡುವ ಪ್ರಾಣಿಗಳಿರುವ ಜಾಗ ಸಾಮಾನ್ಯವಾಗಿ ಕೆಟ್ಟದ್ದೇ. ಆದರೆ ಅದೇ ಕೆಟ್ಟ ಜಾಗದಲ್ಲಿ, ಸುಮ್ನೆ ಬಿದ್ದಿರುವ ಪ್ರಾಣಿಗಿಂತ ಓಡಾಡುವ ಪ್ರಾಣಿಯೇ ಎಷ್ಟೋ ಸಲ ವಾಸಿ ಎಂದು ಮೇಸನ್ ಮತ್ತು ಲೇಥಮ್ 2004ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ ಬರೆದರು. ನನಗಂತೂ ಈಗ ನಿಮ್ಮ ಮಲಗಿದ್ದ ಕರಡಿಯ ಬಗ್ಗೆ ಚಿಂತೆ. ಅದು ನಿದ್ದೆ ಮಾಡುತ್ತಿತ್ತೋ, ಕಣ್ಣು ಬಿಟ್ಟುಕೊಂಡು ಬಿದ್ದಿತ್ತೋ? ಜನರ ಕಣ್ಣಿನಿಂದ ಮರೆಯಾಗಲು ಅದಕ್ಕೊಂದು ಮೂಲೆ ಇತ್ತೇ? ಮತ್ತೆ ಹೋದರೆ ನೋಡಿ ಬರೆಯಿರಿ.

ಅಂದ ಹಾಗೆ, ಆ ಚಿರತೆಯ ಫೋಟೋ ಕೆಳಗೆ “ನೆಮ್ಮದಿಯ ವಿಶ್ರಾಂತಿ” ಅಂತ ಬರೆದವನು ನಾನೇ. ಫೋಟೋ ತೆಗೆದವರನ್ನು ಒಂದು ಮಾತೂ ಕೇಳಿರಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಫೋಟೋ ದೊಡ್ಡದು ಮಾಡಿ ನೋಡಿದೆ. ಅದರ ಕಣ್ಣು ತೆರೆದೇ ಇದೆ.