ಕೋಲೋ ಟೂರೆ ಯಾರು? ಆರ್ಸೆನಲ್ ಅಭಿಮಾನಿಗಳಿಗೆ ಅವರೆಂದರೆ ಯಾಕಷ್ಟು ಪ್ರೀತಿ?

ಐವರಿ ಕೋಸ್ಟ್‌ನ ಫುಟ್‌ಬಾಲ್ ಡಿಫೆಂಡರ್, ಅಂದರೆ ಎದುರಾಳಿ ಗೋಲು ಹೊಡೆಯದಂತೆ ತಡೆಯುವ ಆಟಗಾರ. 2002ರಲ್ಲಿ ಅಸೆಕ್ ಮಿಮೋಸಾಸ್ ಕ್ಲಬ್‌ನಿಂದ ಲಂಡನ್‌ನ ಆರ್ಸೆನಲ್ ಕ್ಲಬ್‌ಗೆ ಬಂದರು. ಟ್ರಯಲ್ (ಆಯ್ಕೆ ಪರೀಕ್ಷೆ) ದಿನದ ಕಥೆಯೇ ಮಜಾ. ಜೊತೆಗಾರ ರೇ ಪಾರ್ಲರ್ ಹೇಳುವ ಪ್ರಕಾರ, ಟೂರೆ ಮೊದಲು ತಂಡದ ಸ್ಟಾರ್ ಆಟಗಾರ ಆನ್ರಿಯನ್ನು ಹಿಂದಿನಿಂದ ಬೀಳಿಸಿದರು, ಆಮೇಲೆ ಇನ್ನೊಬ್ಬ ಸ್ಟಾರ್ ಬರ್ಗ್‌ಕ್ಯಾಂಪ್‌ರನ್ನು. ಕೊನೆಗೆ ಚೆಂಡು ಕೋಚ್ ವೆಂಗರ್ ಹತ್ತಿರ ಉರುಳಿತು, ಅವರನ್ನೂ ಬಿಡಲಿಲ್ಲ! ಕಾಲಿಗೆ ಐಸ್ ಇಟ್ಟುಕೊಂಡು ಕೂತಿದ್ದ ವೆಂಗರ್‌ಗೆ ಆ ಹುಮ್ಮಸ್ಸೇ ಹಿಡಿಸಿತಂತೆ.

ಮುಂದೆ ಸೋಲ್ ಕ್ಯಾಂಪ್‌ಬೆಲ್ ಜೊತೆ ಸೆಂಟರ್‌ಬ್ಯಾಕ್ (ರಕ್ಷಣೆಯ ಮಧ್ಯದ ಆಟಗಾರ) ಆಗಿ ನಿಂತರು. 2003-04ರ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನಲ್ಲಿ ತಂಡ 38 ಪಂದ್ಯ ಆಡಿ ಒಂದನ್ನೂ ಸೋಲಲಿಲ್ಲ. ಪ್ರೀತಿ ಅಲ್ಲಿಂದಲೇ ಬಂದದ್ದು.

2012ರಲ್ಲಿ ಮ್ಯಾಂಚೆಸ್ಟರ್ ಸಿಟಿ ಕ್ಲಬ್‌ನಲ್ಲೂ ಲೀಗ್ ಗೆದ್ದರು. ಅದಕ್ಕೂ ಮುಂಚೆ ಆರು ತಿಂಗಳ ನಿಷೇಧ, ನಿಷೇಧಿತ ಪದಾರ್ಥವಿದ್ದ ಹೆಂಡತಿಯ ತೂಕ ಇಳಿಸುವ ಮಾತ್ರೆ ನುಂಗಿದ್ದಕ್ಕೆ! 2015ರಲ್ಲಿ ಐವರಿ ಕೋಸ್ಟ್ ತಂಡದಲ್ಲಿ ಘಾನಾವನ್ನು ಪೆನಾಲ್ಟಿಯಲ್ಲಿ 9-8ರಿಂದ ಸೋಲಿಸಿ ಆಫ್ರಿಕಾ ಕಪ್ಪೂ ಸಿಕ್ಕಿತು.