ಗಡಿ ಮುಚ್ಚಿದರೆ ಸಾಕೇ? ಶಿರಸಿಯ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಅಭಿವೃದ್ಧಿಶೀಲ ದೇಶಗಳ ಆರ್ಥಿಕ ಸಹಕಾರದ ಬಗ್ಗೆ ನಾವು ಪ್ರಕಟಿಸಿದ ಲೇಖನಗಳು ನಿಮಗೆ ಬೇಸರ ತರಿಸಿವೆ. "ಎರಡು ಎಕರೆ ತೋಟದವನಿಗೆ ಜಿ-20, ಬ್ರಿಕ್ಸ್‌ಗಳಿಂದ ಆಗಬೇಕಾದದ್ದೇನು? ಹೊರಗಿನ ಅಡಿಕೆ ಬರದಂತೆ ಗಡಿ ಮುಚ್ಚಿದರೆ ಸಾಕು, ಉಳಿದದ್ದನ್ನು ದೆಹಲಿಯವರು ನೋಡಿಕೊಳ್ಳಲಿ" ಎಂದು ಬರೆದಿದ್ದೀರಿ. ಆ ಪುಟಗಳನ್ನು ಎಲೆಚುಕ್ಕಿ ರೋಗದ ಮಾಹಿತಿಗೆ ಕೊಡಿ ಎಂಬ ಸಲಹೆಯೂ ನಿಮ್ಮ ಪತ್ರದಲ್ಲಿದೆ. ಎಲೆಚುಕ್ಕಿ ರೋಗದ ಬಗ್ಗೆ ಖಂಡಿತ ಬರೆಸುತ್ತೇವೆ. ಆದರೆ ದೆಹಲಿಯವರು ನೋಡಿಕೊಳ್ಳಲಿ ಎಂಬ ಮಾತನ್ನು ನಾನು ಒಪ್ಪಲಾರೆ. ಹಾಗೆ ಬಿಟ್ಟುಕೊಟ್ಟದ್ದರಿಂದಲೇ ನಮ್ಮ ಜಿಲ್ಲೆಗೆ ಬೇಕಾದಷ್ಟು ನಷ್ಟವಾಗಿದೆ.

ಮೊದಲು ನಿಮ್ಮ ಅಡಿಕೆಯ ವಿಷಯ. ಅಡಿಕೆ ಆಮದಿನ ಮೇಲೆ ಶೇ. 100ರಷ್ಟು ಸುಂಕವಿದೆ. ಅದೊಂದೇ ಇದ್ದಿದ್ದರೆ ನೀವು ಕೇಳಿದ ಹಾಗೆ ಗಡಿ ಬಹುಮಟ್ಟಿಗೆ ಮುಚ್ಚಿಯೇ ಇರುತ್ತಿತ್ತು. ಆದರೆ ಶ್ರೀಲಂಕಾದೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದಿತು. ದಕ್ಷಿಣ ಏಷ್ಯಾದ ಸಾರ್ಕ್ ಕೂಟದ ದೇಶಗಳ ನಡುವಿನ ಸಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ 2006ರಲ್ಲಿ ಬಂದು, ಅವುಗಳಲ್ಲಿ ತೀರ ಹಿಂದುಳಿದ ದೇಶಗಳಿಗೆ ಸುಂಕದಲ್ಲಿ ದೊಡ್ಡ ರಿಯಾಯಿತಿ ಕೊಟ್ಟಿತು. ಸರಕು ನಿಜವಾಗಿ ಆ ದೇಶದ್ದೇ ಆಗಿರಬೇಕು ಎಂಬ ಷರತ್ತು ಎರಡರಲ್ಲೂ ಇದೆ. ಶ್ರೀಲಂಕಾದ ಒಪ್ಪಂದದಲ್ಲಿ ಮೌಲ್ಯದ ಕನಿಷ್ಠ ಶೇ. 35 ಅಲ್ಲಿಯೇ ಸೇರಿರಬೇಕೆಂದು ಬರೆದಿದೆ. ಬೇರೆಲ್ಲೋ ಬೆಳೆದ ಅಡಿಕೆಗೆ ನೆರೆದೇಶದ ಪ್ರಮಾಣಪತ್ರ ಅಂಟಿಸಿ ತರುವವರು ಹುಟ್ಟಿಕೊಂಡದ್ದು ಈ ಷರತ್ತಿನ ಸಂದಿಯಲ್ಲಿ.

ಅದನ್ನು ತಡೆಯಲು ಕೇಂದ್ರ ಸರ್ಕಾರ ಸುಂಕದ ಜೊತೆಗೆ ಕನಿಷ್ಠ ಆಮದು ಬೆಲೆಯನ್ನೂ ನಿಗದಿ ಮಾಡುತ್ತಾ ಬಂದಿದೆ. 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದದ್ದನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಲಾಯಿತು. ಅದಕ್ಕಿಂತ ಅಗ್ಗದ ಅಡಿಕೆಯನ್ನು ತರುವಂತಿಲ್ಲ. ಶಿರಸಿಯ ಟೆಂಡರಿನಲ್ಲಿ ಚಾಲಿ ಅಡಿಕೆಗೋ ರಾಶಿ ಅಡಿಕೆಗೋ ದರ ಬರೆಯುವ ವ್ಯಾಪಾರಿ ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯುತ್ತಾನೆ. ಹುರಿದ ಅಡಿಕೆಯೆಂದು ಹೆಸರು ಬದಲಿಸಿ ತರುವುದು, ಬಿಲ್ಲಿನಲ್ಲಿ ಬೆಲೆ ಏರಿಸಿ ತೋರಿಸುವುದು, ಮ್ಯಾನ್ಮಾರ್ ಗಡಿಯಲ್ಲಿ ಕದ್ದು ಸಾಗಿಸುವುದು, ಇವೆಲ್ಲ ನಿಮಗೆ ಗೊತ್ತಿರುವಂಥವೇ. ಇವುಗಳ ವಿರುದ್ಧ ಬಿಗಿ ಕ್ರಮ ಬೇಕೆಂಬ ನಿಮ್ಮ ಬೇಡಿಕೆಗೆ ನಮ್ಮ ಪೂರ್ಣ ಬೆಂಬಲವಿದೆ.

ಭೂತಾನದ ವಿಷಯ ಹಾಗಲ್ಲ. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅಲ್ಲಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ ತರಲು ಅವಕಾಶ ಕೊಟ್ಟಿತು. ಮಲೆನಾಡು, ಕರಾವಳಿಗಳಲ್ಲಿ ದೊಡ್ಡ ಗದ್ದಲವಾಯಿತು. ನಿಮ್ಮ ಪತ್ರದಲ್ಲಿಯೂ ಆ ಸಿಟ್ಟು ಇದೆ. ಹಸಿ ಅಡಿಕೆ ಸುಲಿದು ಒಣಗಿಸಿದಾಗ ತೂಕ ಎಷ್ಟಕ್ಕೆ ಇಳಿಯುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಕರ್ನಾಟಕವೊಂದೇ ಲಕ್ಷಗಟ್ಟಲೆ ಟನ್ ಬೆಳೆಯುವಾಗ ಆ ಪ್ರಮಾಣದಿಂದ ಮಾರುಕಟ್ಟೆ ಕುಸಿಯುತ್ತದೆ ಎಂದು ನಾನು ನಂಬುವುದಿಲ್ಲ. ಭೂತಾನದ ಸಮ್ತ್ಸೆ, ಸರ್ಪಾಂಗ್ ಜಿಲ್ಲೆಗಳ ಕಡೆಯ ಬೆಳೆಗಾರನಿಗೆ ಭಾರತವನ್ನು ಬಿಟ್ಟರೆ ಬೇರೆ ದೊಡ್ಡ ಮಾರುಕಟ್ಟೆ ಇಲ್ಲ. ಅವನ ದೇಶಕ್ಕೆ ಸಮುದ್ರವೇ ಇಲ್ಲ. ಭಾರತದ ಹಣದಿಂದ ಅಲ್ಲಿ ಕಟ್ಟಿದ ಚುಖಾ ಜಲವಿದ್ಯುತ್ ಯೋಜನೆಯ ವಿದ್ಯುತ್ತನ್ನು ನಾವು ಕೊಳ್ಳುತ್ತಿದ್ದೇವೆ. ವಿದ್ಯುತ್ತು ಬರಲಿ, ಅಡಿಕೆ ಬೇಡ ಎಂದು ನೆರೆಯವನಿಗೆ ಹೇಳುವುದಾದರೂ ಹೇಗೆ?

ಈ ಪ್ರಶ್ನೆಯನ್ನು ನಿಮ್ಮ ಮುಂದಿಡುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅದು ಘಟ್ಟದ ಕೆಳಗೆ, ಕಾರವಾರದ ಬೈತಖೋಲ ಬಂದರಿನಲ್ಲಿದೆ.

ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನ್ 17ರಂದು ಜಿನೀವಾದಲ್ಲಿ ಮೀನುಗಾರಿಕೆ ಸಬ್ಸಿಡಿಗಳ ಒಪ್ಪಂದವನ್ನು ಅಂಗೀಕರಿಸಿತು. ಅಕ್ರಮ ಮೀನುಗಾರಿಕೆಗೆ, ಈಗಾಗಲೇ ಬರಿದಾದ ಮೀನು ಸಂಪತ್ತನ್ನು ಹಿಡಿಯುವುದಕ್ಕೆ, ಯಾರ ಹತೋಟಿಯೂ ಇಲ್ಲದ ಆಳಸಮುದ್ರದ ಬೇಟೆಗೆ ಸರ್ಕಾರಗಳು ಹಣ ಕೊಡಬಾರದು ಎಂಬುದು ಅದರ ತಿರುಳು. ಭಾರತ ಇನ್ನೂ ಒಪ್ಪಿಗೆ ಕೊಡದಿರುವಾಗಲೇ 2025ರ ಸೆಪ್ಟೆಂಬರ್ 15ರಂದು ಅದು ಜಾರಿಗೆ ಬಂದಿತು. ಅದರ ಎರಡನೆಯ ಭಾಗ ಬಾಕಿ ಇದೆ. ದೋಣಿಗಳ ಸಂಖ್ಯೆ ಹೆಚ್ಚಿಸುವ, ಮಿತಿಮೀರಿ ಹಿಡಿಯಲು ಪ್ರೇರೇಪಿಸುವ ಸಬ್ಸಿಡಿಗಳನ್ನು ಕಡಿತಗೊಳಿಸುವ ಆ ಕರಡು 2024ರಲ್ಲಿ ಅಬುಧಾಬಿ ಸಭೆಯಲ್ಲಿ ಒಮ್ಮತ ಸಿಗದೆ ಬಿದ್ದುಹೋಯಿತು. ಒಪ್ಪಂದ ಜಾರಿಗೆ ಬಂದ ನಾಲ್ಕು ವರ್ಷಗಳೊಳಗೆ ಎರಡನೆಯ ಭಾಗಕ್ಕೆ ಸಮ್ಮತಿ ಸಿಗದಿದ್ದರೆ, ಸದಸ್ಯರು ಬೇರೆ ತೀರ್ಮಾನ ಮಾಡದ ಹೊರತು, ಮೊದಲನೆಯದೂ ರದ್ದಾಗುತ್ತದೆ. ಹಾಗಾಗಿ 2029ರವರೆಗೆ ಈ ಮಾತುಕತೆಯ ಮೇಲೆ ಒತ್ತಡ ಇದ್ದೇ ಇರುತ್ತದೆ.

ನಮ್ಮ ಜಿಲ್ಲೆಯ ಯಾಂತ್ರೀಕೃತ ದೋಣಿಗಳಿಗೆ ಸಿಗುವ ಕರರಹಿತ ಡೀಸೆಲ್, ನಾಡದೋಣಿಗಳ ಸೀಮೆಎಣ್ಣೆ ಎರಡೂ ಈ ಎರಡನೆಯ ಭಾಗದ ಚರ್ಚೆಯೊಳಗೆ ಬರುತ್ತವೆ. ಅಭಿವೃದ್ಧಿಶೀಲ ದೇಶಗಳಿಗೆ 25 ವರ್ಷಗಳ ಕಾಲಾವಕಾಶ ಬೇಕು, ತಮ್ಮ ದಡದಿಂದ 200 ನಾಟಿಕಲ್ ಮೈಲಿಯಾಚೆ ಹೋಗಿ ಹಿಡಿಯುವ ಶ್ರೀಮಂತ ದೇಶಗಳು ತಮ್ಮ ಸಬ್ಸಿಡಿಯನ್ನು ಅಷ್ಟೇ ಕಾಲ ನಿಲ್ಲಿಸಬೇಕು ಎಂಬುದು ಭಾರತದ ವಾದ. ಸಮುದ್ರವನ್ನು ಬರಿದು ಮಾಡಿದ್ದು ನಮ್ಮ ಪಾತಿ ದೋಣಿಯವರಲ್ಲ, ಆದ್ದರಿಂದ ಈ ವಾದ ನ್ಯಾಯವಾದದ್ದು. ಆದರೆ ಅದರ ನೆರಳಿನಲ್ಲಿ ದೊಡ್ಡ ಟ್ರಾಲರ್‌ಗಳೂ, ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸಿನ್ ಬಲೆಯ ದೋಣಿಗಳೂ ಬಂದು ನಿಲ್ಲುತ್ತವೆ. ಬೆಳಕು ಹಾಯಿಸಿ ಹಿಡಿಯುವುದನ್ನೂ ಎರಡು ದೋಣಿಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ 2017ರಲ್ಲೇ ನಿಷೇಧಿಸಿತು; ಆ ಬಗ್ಗೆ ಸಣ್ಣ ಮೀನುಗಾರರ ದೂರು ಇಂದಿಗೂ ನಿಂತಿಲ್ಲ. ಕಾಲಾವಕಾಶ ಕೇಳುವಾಗ ಯಾರಿಗಾಗಿ ಕೇಳುತ್ತಿದ್ದೇವೆ ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು, ಅದು ಸಣ್ಣ ದೋಣಿಯವರಿಗೇ ಮೀಸಲಾಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಭೂತಾನದ ಅಡಿಕೆಯನ್ನೂ ಬೈತಖೋಲದ ಡೀಸೆಲನ್ನೂ ಒಟ್ಟಿಗೆ ಇಟ್ಟು ನೋಡಿ. ಜಿನೀವಾದಲ್ಲಿ ಭಾರತ ತನ್ನ ಜನ ಬಡವರು, ರಿಯಾಯಿತಿ ಕೊಡಿ ಎಂದು ಕೇಳುತ್ತದೆ. ಜೈಗಾಂವ್‌ನಲ್ಲಿ ಅದೇ ಮಾತನ್ನು ಇನ್ನೂ ಚಿಕ್ಕ ದೇಶವೊಂದು ಭಾರತಕ್ಕೆ ಹೇಳುತ್ತದೆ. ಭೂತಾನ ತೀರ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂದದ್ದೇ 2023ರ ಡಿಸೆಂಬರಿನಲ್ಲಿ. ಅಲ್ಲಿ ಬಾಗಿಲು ಹಾಕಿ ಇಲ್ಲಿ ಬಾಗಿಲು ತಟ್ಟಿದರೆ ನಮ್ಮ ಮಾತಿಗೆ ಬೆಲೆ ಬರುವುದಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ 166 ಸದಸ್ಯರಲ್ಲಿ ಹೆಚ್ಚಿನವು ಅಭಿವೃದ್ಧಿಶೀಲ ದೇಶಗಳು, ಮತ್ತು ಅಲ್ಲಿ ತೀರ್ಮಾನಗಳಾಗುವುದು ಒಮ್ಮತದಿಂದ. ನಮ್ಮ ಹರಿಕಂತ್ರ, ಖಾರ್ವಿ ಮೀನುಗಾರ ಕುಟುಂಬಗಳ ಪರವಾಗಿ ಮಾತಾಡಲು ಚಿಕ್ಕ ದೇಶಗಳ ಸ್ನೇಹ ಬೇಕೇಬೇಕು.

ಸಹಕಾರ ಎಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೇ ಎಂದು ನಾನು ಹೇಳುತ್ತಿಲ್ಲ. ಕಾರವಾರಕ್ಕೆ ಆ ಅನುಭವ ಹಳೆಯದು. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸೇರಿ ಮಾಡಿಕೊಂಡ ಒಪ್ಪಂದದಿಂದ ಇಂಡೋ-ನಾರ್ವೇಜಿಯನ್ ಮೀನುಗಾರಿಕೆ ಯೋಜನೆ ಹುಟ್ಟಿತು. ಕೇರಳದ ನೀಂಡಕರದಲ್ಲಿ ಆರಂಭವಾದ ಅದು 1960ರ ದಶಕದಲ್ಲಿ ಕಾರವಾರಕ್ಕೂ ಬಂದು, 1972ರವರೆಗೆ ನಡೆಯಿತು. ಬಡ ಮೀನುಗಾರರ ಬದುಕು ಸುಧಾರಿಸಬೇಕೆಂಬ ಉದ್ದೇಶ ಪ್ರಾಮಾಣಿಕವಾಗಿತ್ತು. ಯಂತ್ರದೋಣಿ, ಸುಧಾರಿತ ಬಲೆ, ಮಂಜುಗಡ್ಡೆಯ ಬಳಕೆ ಈ ಕರಾವಳಿಯಲ್ಲಿ ಬೇರೂರಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದೊಡನೆ ಯಂತ್ರದೋಣಿಗಳ ಹಿಂದೆ ಹಣವಂತರು ಬಂದರು. 1970ರ ದಶಕದ ಉತ್ತರಾರ್ಧದಲ್ಲಿ ಕರ್ನಾಟಕದ ನೀರಿಗೆ ಪರ್ಸಿನ್ ಬಲೆ ಇಳಿದಾಗ, ಊರಿಗೆ ಊರೇ ದಡದಲ್ಲಿ ನಿಂತು ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆಯ ಮೀನುಗಾರಿಕೆ ನೆಲಕಚ್ಚಿತು. ಬಂಗಡೆ, ತಾರ್ಲೆ ಮೀನುಗಳು ದಡದ ಹತ್ತಿರ ಬರುವ ಮೊದಲೇ ನಡುನೀರಿನಲ್ಲಿ ಬಲೆಗೆ ಬಿದ್ದವು. ರಂಪಣಿ ಎಳೆಯುವವರನ್ನು ಕೂರಿಸಿಕೊಂಡು, ನಿಮಗೆ ಏನು ಬೇಕು ಎಂದು ಮೊದಲೇ ಕೇಳಿದ್ದರೆ ಹಂಚಿಕೆಯ ನಿಯಮಗಳೂ ಯಂತ್ರದ ಜೊತೆಗೇ ಬರುತ್ತಿದ್ದವು ಎಂದು ನಾನು ದೃಢವಾಗಿ ನಂಬುತ್ತೇನೆ.

ಇಂದಿಗೂ ಹಾಗೆ ಕೇಳಬೇಕೆಂಬ ಕಟ್ಟುಪಾಡು ಇಲ್ಲ. ಸಂವಿಧಾನದ ಪ್ರಕಾರ ಕೃಷಿಯೂ ದಡದ ಹತ್ತಿರದ ಮೀನುಗಾರಿಕೆಯೂ ರಾಜ್ಯಪಟ್ಟಿಯಲ್ಲಿವೆ. ಆದರೆ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಕೇಂದ್ರದ್ದು, ಮತ್ತು ಅದನ್ನು ಜಾರಿಗೊಳಿಸಲು ರಾಜ್ಯಪಟ್ಟಿಯ ವಿಷಯದಲ್ಲೂ ಸಂಸತ್ತು ಕಾನೂನು ಮಾಡಬಹುದೆಂದು 253ನೇ ವಿಧಿ ಹೇಳುತ್ತದೆ. ಸಹಿ ಹಾಕುವ ಮುನ್ನ ಸಂಸತ್ತಿನ ಒಪ್ಪಿಗೆಯೂ ಕಡ್ಡಾಯವಲ್ಲ. ಜಿನೀವಾದ ಕಡತಗಳು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ಗಳಲ್ಲಿರುತ್ತವೆ. ನಾವು ಆ ಲೇಖನಗಳಿಗೆ ಪುಟ ಕೊಟ್ಟದ್ದು ಇದಕ್ಕಾಗಿಯೇ, ಮುಂದೆಯೂ ಕೊಡುತ್ತೇವೆ.

ನಿಮಗೆ ಹಿತವಾಗದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲಿಯೇ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದೆ. ಮುಂದಿನ ದಶಕಗಳಲ್ಲಿ ಅಡಿಕೆಯ ಮೇಲೆ ದೊಡ್ಡ ಒತ್ತಡ ಬರುವುದು ಈ ದಿಕ್ಕಿನಿಂದ. ಭೂತಾನದ ಬೆಳೆಗಾರನೂ ನೀವೂ ಆಗ ಒಂದೇ ದೋಣಿಯಲ್ಲಿರುತ್ತೀರಿ. ಕಾಳುಮೆಣಸು, ಜಾಯಿಕಾಯಿ, ಕೋಕೋಗಳತ್ತ ತೋಟವನ್ನು ವಿಸ್ತರಿಸಲು ಎರಡೂ ದೇಶಗಳು ಒಟ್ಟಾಗಿ ನೆರವು ಕೇಳುವ ಕಾಲ ಬರಬಹುದು, ಬರಬೇಕು.

ನಿಮ್ಮ ಸಹಕಾರ ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಒಂದು ಠರಾವು ಮಂಡಿಸಿ: ಅಡಿಕೆಗೆ ಅಥವಾ ಮೀನಿಗೆ ಸಂಬಂಧಿಸಿದ ಯಾವುದೇ ವ್ಯಾಪಾರ ಒಪ್ಪಂದದ ಕರಡನ್ನು ಸಹಿಗೆ ಮುನ್ನ ಕನ್ನಡದಲ್ಲಿ ಪ್ರಕಟಿಸಿ, ಶಿರಸಿಯಲ್ಲೂ ಕಾರವಾರದಲ್ಲೂ ಅಹವಾಲು ಕೇಳಬೇಕು ಎಂದು. ಮೀನುಗಾರರ ಸಂಘಗಳಿಗೂ ಇದನ್ನೇ ಬರೆಯುತ್ತಿದ್ದೇವೆ. ಠರಾವು ಅಂಗೀಕಾರವಾದರೆ ಸಂಸದರಿಗೆ ಕಳುಹಿಸಿದ ಪ್ರತಿಯನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

ಸಂಪಾದಕ